ದಾಳಿಂಬೆ ತರುವ ಮುನ್ನ

ಲ್ಯಾಬಿನ ಚೀಟಿಯಲ್ಲಿ ಹಿಮೋಗ್ಲೋಬಿನ್ 9.2 ಎಂದು ಬಂದರೆ ಮನೆಯಲ್ಲಿ ಮುಂದೇನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿಯೇ. ಸಂಜೆಯೊಳಗೆ ಒಂದು ಕಿಲೋ ದಾಳಿಂಬೆ ಬರುತ್ತದೆ. ಅತ್ತೆ ಬೀಟ್‌ರೂಟ್ ಪಲ್ಯಕ್ಕೆ ಕೂರುತ್ತಾರೆ. ಪಕ್ಕದ ಮನೆಯವರು ನೆನೆಸಿದ ಖರ್ಜೂರ ಅನ್ನುತ್ತಾರೆ, ಫೋನಿನಲ್ಲಿ ಚಿಕ್ಕಮ್ಮ 'ಬೆಲ್ಲ ಕಡ್ಲೇಕಾಯಿ ಬಿಡಬೇಡ ಕಣೇ' ಅನ್ನುತ್ತಾರೆ. ಮೆಡಿಕಲ್ ಶಾಪಿನಿಂದ ಒಂದು ಬಾಟಲಿ ಟಾನಿಕ್ಕೂ ಬರುತ್ತದೆ. ಹದಿನೈದು ದಿನ ಎಲ್ಲವೂ ಶ್ರದ್ಧೆಯಿಂದ ನಡೆದು, ಆಮೇಲೆ ಹಬ್ಬವೋ ಮಕ್ಕಳ ಪರೀಕ್ಷೆಯೋ ಬಂದು ನಿಂತುಹೋಗುತ್ತದೆ. ಮುಂದಿನ ವರ್ಷದ ಚೀಟಿಯಲ್ಲಿ ಮತ್ತೆ ಒಂಬತ್ತು ಚಿಲ್ಲರೆ.

ಇಷ್ಟರ ನಡುವೆ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿರುವುದಿಲ್ಲ: ಕಡಿಮೆ ಆದದ್ದು ಏಕೆ?

ರಕ್ತಹೀನತೆ ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ ಅದು ಕಾಯಿಲೆ ಎಂದೇ ಅನ್ನಿಸುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ದೇಶದ ಲೆಕ್ಕ 57. ಐದು ವರ್ಷದೊಳಗಿನ ಮಕ್ಕಳಲ್ಲಿ ನಮ್ಮ ರಾಜ್ಯದ ಅಂಕಿ 65 ದಾಟಿದೆ. ಬೆರಳ ತುದಿ ಚುಚ್ಚಿ ತೆಗೆದ ಹನಿಯಿಂದ ಅಳೆದದ್ದರಿಂದ ಈ ಅಂಕಿಗಳು ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತವೆ ಎಂದು ವಾದಿಸುವ ತಜ್ಞರೂ ಇದ್ದಾರೆ. ಅವರ ಮಾತು ಒಪ್ಪಿ ಒಂದಿಷ್ಟು ಕಳೆದರೂ ಉಳಿಯುವುದು ಸಣ್ಣ ಸಂಖ್ಯೆಯಲ್ಲ.

ಗಡಿ ಎಲ್ಲಿ ಎಂಬುದು ಮೊದಲು ಸ್ಪಷ್ಟವಾಗಲಿ. ನೂರು ಮಿಲಿಲೀಟರ್ ರಕ್ತದಲ್ಲಿ ಹೆಂಗಸರಿಗೆ 12 ಗ್ರಾಂ, ಗರ್ಭಿಣಿಯರಿಗೆ 11, ಗಂಡಸರಿಗೆ 13. ಅದಕ್ಕಿಂತ ಕೆಳಗೆ ಇಳಿದರೆ ರಕ್ತಹೀನತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 'ಹೆಣ್ಮಕ್ಕಳಿಗೆ ಹತ್ತು ಇದ್ರೆ ಸಾಕು' ಎಂಬ ಮಾತು ಆಸ್ಪತ್ರೆಯ ಬೆಂಚುಗಳ ಮೇಲೂ ಕೇಳಿಬರುತ್ತದೆ. ಸಾಲದು. ಹತ್ತರಲ್ಲಿ ನಡೆದಾಡಿಕೊಂಡು, ಅಡುಗೆ ಮಾಡಿಕೊಂಡು, ಬಸ್ಸು ಹತ್ತಿಕೊಂಡು ಇರಬಹುದು ನಿಜ. ನಿಧಾನವಾಗಿ ಇಳಿದದ್ದಕ್ಕೆ ದೇಹ ಹೊಂದಿಕೊಂಡಿರುತ್ತದೆ, ಅಷ್ಟೇ. ಮೆಟ್ಟಿಲು ಹತ್ತುವಾಗ ಎದೆ ಡವಗುಟ್ಟುವುದು, ಮಧ್ಯಾಹ್ನವಾದರೆ ತಲೆಭಾರ, ಕೂದಲು ಉದುರುವುದು, ಓದಿದ್ದು ತಲೆಗೆ ಹತ್ತದಿರುವುದು, ಕಾರಣವಿಲ್ಲದ ಸಿಡುಕು, ಇವೆಲ್ಲ ವಯಸ್ಸಿನ ಖಾತೆಗೋ ಸ್ವಭಾವದ ಖಾತೆಗೋ ಜಮೆಯಾಗಿರುತ್ತವೆ. ಕೆಳರೆಪ್ಪೆ ಎಳೆದು ನೋಡಿ ಒಳಗೆ ಬಿಳಿಚಿದೆಯೇ ಎಂದು ಪರೀಕ್ಷಿಸುವ ಅಜ್ಜಿಯರ ಕ್ರಮ ಒಳ್ಳೆಯದೇ. ಆದರೆ ಅದಕ್ಕೆ ಕಾಣುವುದು ಚೆನ್ನಾಗಿ ಇಳಿದ ಮೇಲಿನ ರಕ್ತಹೀನತೆ ಮಾತ್ರ.

ಇನ್ನೊಂದು ಲಕ್ಷಣವನ್ನು ಜನ ಮುಚ್ಚಿಡುತ್ತಾರೆ. ಬಳಪ, ಗೋಡೆಯ ಸುಣ್ಣ, ಹಸಿ ಅಕ್ಕಿ, ಒಲೆಯ ಮಣ್ಣು, ಫ್ರಿಜ್ಜಿನ ಐಸು ತಿನ್ನಬೇಕೆಂಬ ತಡೆಯಲಾರದ ಆಸೆ. ಗರ್ಭಿಣಿಯಲ್ಲಿ ಕಂಡರೆ ಬಯಕೆ ಎನ್ನುತ್ತಾರೆ, ಮಗುವಿನಲ್ಲಿ ಕಂಡರೆ ಎರಡೇಟು ಹಾಕುತ್ತಾರೆ. ಎರಡೂ ಕಡೆ ಮಾಡಬೇಕಾದ ಮೊದಲ ಕೆಲಸ ರಕ್ತ ಪರೀಕ್ಷೆ. ಕಬ್ಬಿಣದ ಕೊರತೆಯಲ್ಲಿ ಇಂಥ ಆಸೆ ಹುಟ್ಟುತ್ತದೆ. ಚಿಕಿತ್ಸೆ ಶುರುವಾದ ಮೇಲೆ ಬಹಳ ಮಂದಿಯಲ್ಲಿ ತಾನಾಗಿ ಹೋಗಿಬಿಡುತ್ತದೆ.

ಕೆಂಪು ಬಣ್ಣದ ಮೋಸ

ಕೆಂಪಗಿರುವುದೆಲ್ಲ ರಕ್ತವಾಗುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಅಂಕಿಗಳು ಅದಕ್ಕೆ ಸೊಪ್ಪು ಹಾಕುವುದಿಲ್ಲ. 100 ಗ್ರಾಂ ದಾಳಿಂಬೆ ಕಾಳಿನಲ್ಲಿ ಕಬ್ಬಿಣ ಹೆಚ್ಚೆಂದರೆ 0.3 ಮಿಲಿಗ್ರಾಂ. ಬೀಟ್‌ರೂಟಿನಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ, ಅದರ ಕೆಂಪು ಬೇರೊಂದು ಬಣ್ಣದ್ದು. ಬೆಲ್ಲದಲ್ಲಿ 100 ಗ್ರಾಂಗೆ ನಾಲ್ಕೈದು ಮಿಲಿಗ್ರಾಂ ಸಿಗಬಹುದು, ಆದರೆ ನಾವು ತಿನ್ನುವುದು ಹತ್ತು ಗ್ರಾಂನ ಉಂಡೆ. ಖರ್ಜೂರ ಸ್ವಲ್ಪ ವಾಸಿ, ಅದೂ ದಿನಕ್ಕೆ ನಾಲ್ಕು ತಿಂದರೆ ಒಂದು ಮಿಲಿಗ್ರಾಂ ಸಿಕ್ಕರೆ ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದಂತೆ ಮುಟ್ಟಾಗುವ ವಯಸ್ಸಿನ ಹೆಂಗಸಿಗೆ ದಿನಕ್ಕೆ ಬೇಕಾದದ್ದು 29 ಮಿಲಿಗ್ರಾಂ, ಗಂಡಸಿಗೆ 19. ಆಶಾ ಕಾರ್ಯಕರ್ತೆ ಮನೆಗೆ ತಂದುಕೊಡುವ ಒಂದು ಕೆಂಪು ಮಾತ್ರೆಯಲ್ಲಿರುವ 60 ಮಿಲಿಗ್ರಾಂ ಕಬ್ಬಿಣವನ್ನು ದಾಳಿಂಬೆಯಿಂದಲೇ ಪಡೆಯುತ್ತೇನೆಂದರೆ 20 ಕಿಲೋ ಕಾಳು ಬಿಡಿಸಬೇಕು. ಆ ಮಾತ್ರೆಗೆ ದುಡ್ಡಿಲ್ಲ.

ಹಾಗೆಂದು ದಾಳಿಂಬೆ ಬಿಡಿ ಎಂದಲ್ಲ. ಹಣ್ಣು ಹಣ್ಣಾಗಿ ಒಳ್ಳೆಯದು. ಅದನ್ನು ಔಷಧ ಎಂದು ನಂಬಿ ಮಾತ್ರೆ ಪಕ್ಕಕ್ಕಿಟ್ಟರೆ ನಷ್ಟ.

ದೇಹದಲ್ಲಿ ಕಬ್ಬಿಣ ನಡೆಯುವ ರೀತಿಯನ್ನು ಜಮಾ-ಖರ್ಚಿನ ಪುಸ್ತಕ ಎಂದುಕೊಂಡರೆ ಉಳಿದದ್ದೆಲ್ಲ ಸುಲಭ. ವಯಸ್ಕರ ಮೈಯಲ್ಲಿರುವ ಒಟ್ಟು ಕಬ್ಬಿಣ ಮೂರು ನಾಲ್ಕು ಗ್ರಾಂ, ಹೆಂಗಸರಲ್ಲಿ ಇನ್ನೂ ಕಡಿಮೆ. ಅದರ ಮುಕ್ಕಾಲು ಪಾಲಿಗೆ ಹತ್ತಿರ ಹಿಮೋಗ್ಲೋಬಿನ್‌ನಲ್ಲೇ ಇದೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕಿ ಸಾಯುತ್ತದೆ. ಸತ್ತಾಗ ಅದರ ಕಬ್ಬಿಣವನ್ನು ದೇಹ ಜೋಪಾನವಾಗಿ ಆರಿಸಿಕೊಂಡು ಹೊಸ ಕಣಕ್ಕೆ ಬಳಸುತ್ತದೆ. ಹೀಗಾಗಿ ದಿನದ ಖರ್ಚು ಒಂದು ಮಿಲಿಗ್ರಾಂ ಮಾತ್ರ. ಬರುವುದೂ ಸುಮಾರು ಅಷ್ಟೇ, ಏಕೆಂದರೆ ಸಸ್ಯಾಹಾರದ ಕಬ್ಬಿಣದಲ್ಲಿ ಕರುಳು ಹೀರಿಕೊಳ್ಳುವುದು ನೂರರಲ್ಲಿ ಕೆಲವೇ ಪಾಲು. ಮಿಕ್ಕದ್ದು ಮಲದಲ್ಲಿ ಹೋಗುತ್ತದೆ. ಇಷ್ಟು ಬಿಗಿಯಾದ ಲೆಕ್ಕದಲ್ಲಿ ಎಲ್ಲೋ ಒಂದು ಸಣ್ಣ ಸೋರಿಕೆ ವರ್ಷಗಟ್ಟಲೆ ನಡೆದರೆ ಠೇವಣಿ ಕರಗುತ್ತದೆ. ಠೇವಣಿ ಪೂರ್ತಿ ಕರಗಿದ ಮೇಲೆ ಹಿಮೋಗ್ಲೋಬಿನ್ ಇಳಿಯಲು ಶುರುವಾಗುತ್ತದೆ. ಅಂದರೆ ಚೀಟಿಯಲ್ಲಿ 9 ಕಂಡ ದಿನ ಕೊರತೆ ಆರಂಭವಾದ ದಿನವಲ್ಲ, ಬಹಳ ತಡವಾದ ದಿನ.

ಸೋರಿಕೆ ಎಲ್ಲಿ

ಇಲ್ಲಿ ನಿಧಾನಿಸಬೇಕು. ಏಕೆಂದರೆ ಮನೆಗಳಲ್ಲಿ ಮಾತಾಡದ ವಿಷಯ ಇದೇ.

ತಿಂಗಳ ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವ ರಕ್ತ 30–40 ಮಿಲಿಲೀಟರ್. 80 ದಾಟಿದರೆ ವೈದ್ಯರು ಅದನ್ನು ಅತಿಸ್ರಾವ ಎನ್ನುತ್ತಾರೆ. ಎರಡು ಮಿಲಿಲೀಟರ್ ರಕ್ತ ಹೋದರೆ ಹತ್ತಿರ ಹತ್ತಿರ ಒಂದು ಮಿಲಿಗ್ರಾಂ ಕಬ್ಬಿಣ ಹೋದಂತೆ. ಹಾಗಾದರೆ ಅತಿಸ್ರಾವದವರಿಗೆ ತಿಂಗಳಿಗೆ 40 ಮಿಲಿಗ್ರಾಂ ಹೆಚ್ಚಿನ ಖರ್ಚು, ಇದನ್ನು ಯಾವ ಸೊಪ್ಪಿನ ಸಾರೂ ತುಂಬಿಕೊಡಲಾರದು. ಮನೆಯಲ್ಲಿ ಅಳೆಯುವುದು ಹೇಗೆ? ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗುವುದು, ರಾತ್ರಿ ಅದಕ್ಕಾಗಿಯೇ ಎದ್ದೇಳುವುದು, ನಾಣ್ಯಕ್ಕಿಂತ ದೊಡ್ಡ ಹೆಪ್ಪು ಬೀಳುವುದು, ಏಳು ದಿನ ದಾಟುವುದು. ಇವುಗಳಲ್ಲಿ ಒಂದಿದ್ದರೂ ಸ್ತ್ರೀರೋಗ ತಜ್ಞರ ಹತ್ತಿರ ಹೋಗುವ ಕಾರಣ ಇದೆ. ಗರ್ಭಕೋಶದ ಗಡ್ಡೆ, ಥೈರಾಯ್ಡ್, ರಕ್ತ ಹೆಪ್ಪುಗಟ್ಟುವಿಕೆಯ ದೋಷ, ಹಾರ್ಮೋನಿನ ಏರುಪೇರು, ಹೀಗೆ ಕಾರಣ ಯಾವುದೂ ಇರಬಹುದು, ಬಹುಪಾಲಿಗೆ ಚಿಕಿತ್ಸೆಯೂ ಇದೆ. 'ನಮ್ಮಮ್ಮನಿಗೂ ಹಿಂಗೇ ಇತ್ತು' ಎಂಬ ಮಾತಿನಿಂದ ಎಷ್ಟು ಹೆಣ್ಣುಮಕ್ಕಳ ಹದಿನೈದು ಇಪ್ಪತ್ತು ವರ್ಷಗಳು ಸುಸ್ತಿನಲ್ಲಿ ಕಳೆದುಹೋಗಿವೆಯೋ. ಅಮ್ಮನಿಗೂ ಇದ್ದದ್ದು ಸಹಜ ಎನ್ನುವುದಕ್ಕೆ ಪುರಾವೆಯಲ್ಲ. ಅವರಿಗೂ ಚಿಕಿತ್ಸೆ ಸಿಗಲಿಲ್ಲ ಎಂದಷ್ಟೇ ಅದರ ಅರ್ಥ ಇರಬಹುದು.

ಗರ್ಭ ಎರಡನೆಯ ದೊಡ್ಡ ಖರ್ಚು. ಒಂದು ಗರ್ಭಕ್ಕೆ ಒಟ್ಟು ಸುಮಾರು 1000 ಮಿಲಿಗ್ರಾಂ ಕಬ್ಬಿಣ ಬೇಕು. ಊಟದಿಂದ ಅದು ಬರುವುದಿಲ್ಲ, ಮೊದಲೇ ಠೇವಣಿ ಇರಬೇಕು ಅಥವಾ ಮಾತ್ರೆಯಿಂದ ಬರಬೇಕು. ಸರ್ಕಾರ ಗರ್ಭಿಣಿಗೆ 180 ದಿನ, ಹೆರಿಗೆಯ ನಂತರವೂ 180 ದಿನ ಮಾತ್ರೆ ಕೊಡುವುದು ಈ ಲೆಕ್ಕದಿಂದಲೇ. ಬಾಣಂತಿಗೆ ಸೊಪ್ಪು ಶೀತ, ಹಣ್ಣು ಶೀತ ಎಂದು ತಿಂಗಳುಗಟ್ಟಲೆ ಅನ್ನ-ಮೆಣಸಿನ ಸಾರಿನಲ್ಲಿ ಇಡುವ ಮನೆಗಳು ಈಗಲೂ ಇವೆ. ಉತ್ತರ ಕರ್ನಾಟಕದ ಆಳ್ವಿ ಪಾಯಸ, ಅಂಟಿನ ಉಂಡೆಯ ಪದ್ಧತಿ ಅದಕ್ಕಿಂತ ಎಷ್ಟೋ ಮೇಲು, ಆಳ್ವಿ ಬೀಜದಲ್ಲಿ ಕಬ್ಬಿಣ ಚೆನ್ನಾಗಿಯೇ ಇದೆ.

ಮೂರನೆಯದು ಕೊಕ್ಕೆಹುಳು. ಗದ್ದೆಯಲ್ಲಿ, ತೋಟದಲ್ಲಿ, ಬಯಲುಕಡೆಗೆ ಹೋಗುವ ಜಾಗದಲ್ಲಿ ಬರಿಗಾಲಲ್ಲಿ ನಡೆದಾಗ ಅದರ ಮರಿ ಪಾದದ ಚರ್ಮವನ್ನೇ ತೂರಿ ಒಳಬರುತ್ತದೆ, ಕೊನೆಗೆ ಸಣ್ಣ ಕರುಳಿಗೆ ಕಚ್ಚಿಕೊಂಡು ದಿನವೂ ರಕ್ತ ಹೀರುತ್ತದೆ. ಒಂದು ಹುಳು ಕುಡಿಯುವುದು ಹನಿಯ ಲೆಕ್ಕದಲ್ಲಿ, ಆದರೆ ಹೊಟ್ಟೆಯಲ್ಲಿರುವುದು ಒಂದಲ್ಲ. ಫೆಬ್ರುವರಿ 10 ಮತ್ತು ಆಗಸ್ಟ್ 10ರ ಹೊತ್ತಿಗೆ ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳು ಮಾತ್ರೆ ಕೊಡುತ್ತಾರಲ್ಲ, ಅದು ಇದಕ್ಕೇ. ಮಕ್ಕಳಿಗೆ ಶಾಲೆಯಲ್ಲಿ ಸಿಗುತ್ತದೆ, ತೋಟದಲ್ಲಿ ದುಡಿಯುವ ಅಪ್ಪ-ಅಮ್ಮನಿಗೆ ಯಾರೂ ಕೊಡುವುದಿಲ್ಲ. ಬರಿಗಾಲಲ್ಲಿ ಮಣ್ಣಿನ ಕೆಲಸ ಮಾಡುವವರಿಗೆ ರಕ್ತ ಕಡಿಮೆಯಿದ್ದರೆ ಇದನ್ನು ವೈದ್ಯರಿಗೆ ತಾವಾಗಿ ಹೇಳಬೇಕು.

ಗಂಡಸರ ವಿಷಯ, ಮುಟ್ಟು ನಿಂತ ಹೆಂಗಸರ ವಿಷಯ ಪೂರ್ತಿ ಬೇರೆ. ಇವರಿಗೆ ತಿಂಗಳ ಖರ್ಚಿಲ್ಲ. ಹಾಗಿದ್ದೂ ಕಬ್ಬಿಣ ಕಡಿಮೆಯಾಗಿದೆ ಎಂದರೆ ಹೊಟ್ಟೆ-ಕರುಳಿನಲ್ಲಿ ಎಲ್ಲೋ ರಕ್ತ ಸೋರುತ್ತಿರಬಹುದು ಎಂದು ಮೊದಲು ಅನುಮಾನಿಸಬೇಕು. ಮೂಲವ್ಯಾಧಿ ಇರಬಹುದು, ಹೊಟ್ಟೆಯ ಹುಣ್ಣು ಇರಬಹುದು, ಮಂಡಿನೋವಿಗೆ ವರ್ಷಗಳಿಂದ ನುಂಗುತ್ತಿರುವ ನೋವಿನ ಮಾತ್ರೆಯ ಫಲ ಇರಬಹುದು, ಹೃದಯಕ್ಕೆಂದು ತೆಗೆದುಕೊಳ್ಳುವ ಆಸ್ಪಿರಿನ್ ಇರಬಹುದು. ದೊಡ್ಡ ಕರುಳಿನ ಕ್ಯಾನ್ಸರ್ ಕೂಡ ಕೆಲವೊಮ್ಮೆ ಮೊದಲು ತೋರಿಸಿಕೊಳ್ಳುವುದು ಹೀಗೆಯೇ, ನೋವಿಲ್ಲದೆ, ಬರೀ ಸುಸ್ತಾಗಿ. 58 ವರ್ಷದ ಗಂಡಸಿಗೆ ಹಿಮೋಗ್ಲೋಬಿನ್ 9 ಇದ್ದಾಗ ಟಾನಿಕ್ ಕೊಟ್ಟು ಕಳಿಸುವುದು ಚಿಕಿತ್ಸೆಯಲ್ಲ. ಎಂಡೋಸ್ಕೋಪಿ ಬೇಕೇ, ಕೊಲನೋಸ್ಕೋಪಿ ಬೇಕೇ ಎಂದು ಕೇಳಿಯೇ ಏಳಬೇಕು.

ಅಡುಗೆಮನೆಯಲ್ಲಿ ಆಗುವುದು, ಆಗದ್ದು

ಕೊರತೆ ಹುಟ್ಟಿದ ಮೇಲೆ ಊಟವೊಂದರಿಂದಲೇ ಅದನ್ನು ಸರಿಪಡಿಸುವುದು ಕಷ್ಟ. ಬಾರದಂತೆ ತಡೆಯಲು, ಸರಿಯಾದದ್ದನ್ನು ಉಳಿಸಿಕೊಳ್ಳಲು ಊಟ ಬೇಕೇ ಬೇಕು. ಇದರಲ್ಲಿ ಎಷ್ಟು ತಿಂದೆವು ಎನ್ನುವುದಕ್ಕಿಂತ ಯಾವುದರ ಜೊತೆ ತಿಂದೆವು ಎನ್ನುವುದು ಹೆಚ್ಚು ಮುಖ್ಯ.

ಕನ್ನಡಿಗರಿಗೆ ಹಿತವಾಗದ ಸಂಗತಿಯಿಂದ ಶುರು ಮಾಡುತ್ತೇನೆ: ಕಾಫಿ. 1983ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗದಲ್ಲಿ ಊಟದ ಜೊತೆ ಒಂದು ಲೋಟ ಕಾಫಿ ಕುಡಿದಾಗ ಕಬ್ಬಿಣ ಹೀರುವಿಕೆ ನೂರಕ್ಕೆ 39ರಷ್ಟು ಕುಸಿಯಿತು. ಚಹಾದಲ್ಲಿ 64ರಷ್ಟು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ಏನೂ ಆಗಲಿಲ್ಲ, ಆದರೆ ಊಟವಾದ ಒಂದು ಗಂಟೆಯ ನಂತರ ಕುಡಿದರೆ ಜೊತೆಯಲ್ಲಿ ಕುಡಿದಷ್ಟೇ ನಷ್ಟ. ಬೆಳಗಿನ ಮೊದಲ ಕಾಫಿಗೆ ಯಾರ ಅಭ್ಯಂತರವೂ ಇಲ್ಲ ಎಂದಾಯಿತು. ಇಡ್ಲಿಯ ಜೊತೆಯಲ್ಲೇ ಹಬೆಯಾಡುವ ಎರಡನೇ ಲೋಟ ಇದೆಯಲ್ಲ, ತಕರಾರು ಅದರ ಮೇಲೆ. ರಕ್ತ ಕಡಿಮೆಯಿರುವವರು ಅದನ್ನು ಎರಡು ಗಂಟೆ ಮುಂದಕ್ಕೆ ಹಾಕಿದರೆ ಖರ್ಚಿಲ್ಲದೆ ಲಾಭ.

ರಾಗಿಯ ಬಗ್ಗೆಯೂ ಒಂದು ಮಾತು. ರಾಗಿಯಲ್ಲಿ ನಿಜಕ್ಕೂ ಹೇಳಿಕೊಳ್ಳುವಂಥದ್ದು ಕ್ಯಾಲ್ಸಿಯಂ. ಕಬ್ಬಿಣ 100 ಗ್ರಾಂಗೆ ನಾಲ್ಕೂವರೆ ಮಿಲಿಗ್ರಾಂ ಆಸುಪಾಸು, ಸಜ್ಜೆಯಲ್ಲಿ ಅದಕ್ಕಿಂತ ಜಾಸ್ತಿ. ಇರುವ ಕಬ್ಬಿಣವನ್ನೂ ರಾಗಿ ಸಿಪ್ಪೆಯ ಫೈಟೇಟ್, ಟ್ಯಾನಿನ್‌ಗಳು ಹಿಡಿದಿಟ್ಟುಕೊಳ್ಳುತ್ತವೆ. ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸಿದ ಹಿಟ್ಟಿನಲ್ಲಿ ಆ ಹಿಡಿತ ಸಡಿಲವಾಗುತ್ತದೆ. ಮಗುವಿಗೆ ರಾಗಿಸರಿ ಮಾಡಲು ಹಿಂದಿನವರು ಪಡುತ್ತಿದ್ದ ಈ ಇಡೀ ರಗಳೆಗೆ ಒಳ್ಳೆಯ ಕಾರಣವಿತ್ತು. ಇಡ್ಲಿ, ದೋಸೆಯ ಹಿಟ್ಟು ಹುಳಿ ಬರುವುದರಿಂದಲೂ ಇದೇ ಪ್ರಯೋಜನ.

ಎಲ್ಲಕ್ಕಿಂತ ಸುಲಭದ ಸಹಾಯ ನಿಂಬೆಹಣ್ಣು. ವಿಟಮಿನ್ ಸಿ ಇದ್ದಾಗ ಸಸ್ಯದ ಕಬ್ಬಿಣ ಎಷ್ಟೋ ಹೆಚ್ಚು ಹೀರಿಕೆಯಾಗುತ್ತದೆ. ಕುದಿಯುವ ಸಾರಿಗೆ ಹಿಂಡಿದರೆ ಶಾಖಕ್ಕೆ ಬಹಳಷ್ಟು ಹಾಳು, ಒಲೆ ಇಳಿಸಿದ ಮೇಲೆ ಅಥವಾ ತಟ್ಟೆಯಲ್ಲೇ ಹಿಂಡಬೇಕು. ನಿಂಬೆ ಹಿಂಡಿದ ಕೋಸಂಬರಿ, ಊಟದ ಕೊನೆಗೆ ಒಂದು ಸೀಬೆಹಣ್ಣು, ನೆಲ್ಲಿಕಾಯಿಯ ಹಸಿ ಚಟ್ನಿ, ಯಾವುದಾದರೂ ಸರಿ. ಹುರುಳಿಯಲ್ಲಿ 100 ಗ್ರಾಂಗೆ ಎಂಟು ಮಿಲಿಗ್ರಾಂ ದಾಟುವಷ್ಟು ಕಬ್ಬಿಣವಿದೆ, ಬೇರೆ ಬೇಳೆಕಾಳುಗಳೂ ಹಿಂದಿಲ್ಲ. ದಂಟು, ಹರಿವೆ, ನುಗ್ಗೆ ಸೊಪ್ಪುಗಳಲ್ಲಿ ನಾಲ್ಕೈದು. ಸೊಪ್ಪು ಕಾಳು ಬೇಯಿಸಿ ಬಸಿದ ನೀರನ್ನು ಚೆಲ್ಲದೆ ಅದರಲ್ಲೇ ಸಾರು ಮಾಡುವ ಬಸ್ಸಾರು ನನ್ನ ಮಟ್ಟಿಗೆ ಈ ಪಟ್ಟಿಯ ಮೊದಲ ಹೆಸರು, ಬಡಿಸುವಾಗ ನಿಂಬೆ ಹಿಂಡುವುದೊಂದು ಸೇರಿಸಿದರೆ ಸಾಕು. ಎಳ್ಳು, ಗುರೆಳ್ಳು ಎರಡರಲ್ಲೂ ಕಬ್ಬಿಣ ಧಾರಾಳ, ಆದರೆ ಚಟ್ನಿಪುಡಿ ತಿನ್ನುವುದು ಚಮಚದ ಲೆಕ್ಕದಲ್ಲಿ.

ಮಾಂಸ ತಿನ್ನುವವರಿಗೆ ದಾರಿ ಹತ್ತಿರ. ಮಾಂಸ, ಮೀನಿನ ಕಬ್ಬಿಣ ನೇರವಾಗಿ ಹೆಚ್ಚು ಹೀರಿಕೆಯಾಗುತ್ತದೆ, ಜೊತೆಗಿರುವ ಅನ್ನ, ಮುದ್ದೆ, ಸೊಪ್ಪಿನ ಕಬ್ಬಿಣವನ್ನೂ ಎಳೆದುಕೊಂಡು ಹೋಗುತ್ತದೆ. ಕುರಿಯ ಲಿವರ್ ಇದರಲ್ಲಿ ಮುಂದು, ಅದರಲ್ಲಿ ವಿಟಮಿನ್ ಎ ವಿಪರೀತ ಇರುವುದರಿಂದ ಗರ್ಭಿಣಿಯರು ಮಾತ್ರ ದೂರವಿರುವುದು ಒಳ್ಳೆಯದು. ಮೊಟ್ಟೆಯಿಂದ ಕಬ್ಬಿಣಕ್ಕಿಂತ ಪ್ರೋಟೀನ್, ಬಿ12 ಹೆಚ್ಚು ಸಿಗುತ್ತವೆ. ಇನ್ನು ಕಬ್ಬಿಣದ ಬಾಣಲೆ. ಹುಳಿ ಇರುವ ಗೊಜ್ಜು, ಟೊಮ್ಯಾಟೊ ಪಲ್ಯ ಅದರಲ್ಲಿ ಬೇಯಿಸಿದರೆ ಕಬ್ಬಿಣ ನಿಜಕ್ಕೂ ಇಳಿಯುತ್ತದೆ. ಅಜ್ಜಿಯ ಬಾಣಲೆ ಗುಜರಿಗೆ ಹೋಗಿ ನಾನ್‌ಸ್ಟಿಕ್ ಬಂದದ್ದರಲ್ಲಿ ಒಂದು ಸಣ್ಣ ನಷ್ಟ ಇದೂ ಹೌದು.

ಪಡಿತರದ ಅಕ್ಕಿಯಲ್ಲಿ ಬೇರೆ ಬಣ್ಣದ ಕಾಳು ಕಂಡು 'ಪ್ಲಾಸ್ಟಿಕ್ ಅಕ್ಕಿ' ಎಂದು ಆರಿಸಿ ಎಸೆದವರು ಊರೂರಲ್ಲಿ ಇದ್ದಾರೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಮತ್ತೆ ಕಾಳಿನ ಆಕಾರಕ್ಕೆ ಒತ್ತಿದ್ದು, ನೂರಕ್ಕೆ ಒಂದರಂತೆ ಬೆರೆಸಿದ್ದು. ಹೇಳದೆ ಕೇಳದೆ ತಟ್ಟೆಗೆ ಹಾಕಿದರೆ ಜನ ಅನುಮಾನಿಸದೆ ಇನ್ನೇನು ಮಾಡುತ್ತಾರೆ ಎಂಬುದೂ ನ್ಯಾಯವೇ.

ಮಾತ್ರೆಯ ಜೊತೆ ಬದುಕುವುದು

ಚಿಕಿತ್ಸೆಯ ತಿರುಳು ಮಾತ್ರೆ. ಅದು ಸೋಲುವುದು ಬಹುತೇಕ ಒಂದೇ ಕಾರಣಕ್ಕೆ: ಜನ ಅರ್ಧಕ್ಕೆ ಬಿಡುತ್ತಾರೆ. ಬಿಡುವುದಕ್ಕೂ ಕಾರಣಗಳಿವೆ. ಹೊಟ್ಟೆ ತೊಳಸುತ್ತದೆ, ಬಾಯಿ ಕಬ್ಬಿಣ ಕಚ್ಚಿದಂತಾಗುತ್ತದೆ, ಮಲ ಕಟ್ಟುತ್ತದೆ, ಬಣ್ಣ ಕಪ್ಪಾಗಿ ಗಾಬರಿಯಾಗುತ್ತದೆ. ಮಾತ್ರೆ ಕೊಡುವಾಗಲೇ 'ಮಲ ಕಪ್ಪಗಾಗುತ್ತೆ, ಹೆದರಬೇಡಮ್ಮಾ' ಎಂದು ಯಾರಾದರೂ ಹೇಳಿದ್ದರೆ ಅರ್ಧ ಜನ ಉಳಿಯುತ್ತಿದ್ದರೇನೋ. ಮಾತ್ರೆಯಿಂದ ಬರುವ ಕಪ್ಪು ಗಟ್ಟಿ ಮಲದ್ದು, ತುಸು ಹಸಿರು ಮಿಶ್ರಿತ. ಡಾಂಬರಿನ ಹಾಗೆ ಅಂಟಂಟಾಗಿ, ಕೆಟ್ಟ ವಾಸನೆಯಿಂದ ಬಂದರೆ ಅದು ಒಳಗಿನ ರಕ್ತಸ್ರಾವ, ಆಸ್ಪತ್ರೆಗೆ ಓಡಬೇಕು.

ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಹೀರಿಕೆ ಹೆಚ್ಚು. ಹೊಟ್ಟೆ ತಡೆಯದಿದ್ದರೆ ಊಟವಾದ ಮೇಲೆ ರಾತ್ರಿ ಮಲಗುವ ಹೊತ್ತಿಗೆ ತೆಗೆದುಕೊಳ್ಳಿ. ಕಡಿಮೆ ಹೀರಿದರೂ ಪರವಾಗಿಲ್ಲ, ಬಿಟ್ಟುಬಿಡುವುದಕ್ಕಿಂತ ಉತ್ತಮ. ನೀರಿನ ಜೊತೆ ಅಥವಾ ನಿಂಬೆ ಪಾನಕದ ಜೊತೆ ಸರಿ, ಹಾಲು, ಕಾಫಿ, ಚಹಾದ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆಯನ್ನೂ ಗರ್ಭಿಣಿಗೆ ಕೊಟ್ಟಿರುತ್ತಾರೆ, ಎರಡನ್ನೂ ಒಟ್ಟಿಗೆ ನುಂಗುವುದು ಬಹಳ ಸಾಮಾನ್ಯ. ಕನಿಷ್ಠ ಎರಡು ಗಂಟೆ ಅಂತರವಿರಲಿ, ಒಂದು ಬೆಳಿಗ್ಗೆ ಊಟದ ಜೊತೆ, ಇನ್ನೊಂದು ರಾತ್ರಿ ಎಂದು ಮಾಡಿಕೊಂಡರೆ ಮರೆಯುವುದಿಲ್ಲ. ಥೈರಾಯ್ಡ್ ಮಾತ್ರೆಗೆ ನಾಲ್ಕು ಗಂಟೆ ಅಂತರ ಬೇಕು. ಇನ್ನೊಂದು ಗುಪ್ತ ಶತ್ರು ಬೆಳಿಗ್ಗೆ ಎದ್ದ ಕೂಡಲೇ ನುಂಗುವ ಗ್ಯಾಸ್ಟ್ರಿಕ್ ಮಾತ್ರೆ. ಹೊಟ್ಟೆಯ ಆಮ್ಲ ಕಡಿಮೆಯಾದರೆ ಕಬ್ಬಿಣವೂ ಕಡಿಮೆ ಹೀರಿಕೆಯಾಗುತ್ತದೆ. ಯಾರೋ ಐದು ದಿನಕ್ಕೆ ಬರೆದುಕೊಟ್ಟದ್ದನ್ನು ಐದು ವರ್ಷ ನುಂಗುತ್ತಿರುವವರು ಅದು ಇನ್ನೂ ಬೇಕೇ ಎಂದು ವೈದ್ಯರನ್ನು ಕೇಳುವುದು ಒಳ್ಳೆಯದು.

ದಿನಕ್ಕೆ ಎಷ್ಟು? ರಕ್ತಹೀನತೆ ಇರುವ ವಯಸ್ಕರಿಗೆ ಸರ್ಕಾರದ ಕ್ರಮದಲ್ಲಿ ಎರಡು ಮಾತ್ರೆ. ಈಚಿನ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಒಂದು ಕುತೂಹಲದ ಸಂಗತಿ ತೋರಿಸಿದರು. ಒಂದು ಮಾತ್ರೆ ನುಂಗಿದ ಮೇಲೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಬಿಡುತ್ತದೆ, ಅದು ಸುಮಾರು ಒಂದು ದಿನ ಕರುಳಿನ ಬಾಗಿಲನ್ನು ಅರ್ಧ ಮುಚ್ಚುತ್ತದೆ. ಆದ್ದರಿಂದ ದಿನ ಬಿಟ್ಟು ದಿನ ಕೊಟ್ಟಾಗ ಪ್ರತಿ ಮಾತ್ರೆಯಿಂದ ಹೀರಿಕೆಯಾಗುವ ಪಾಲು ಹೆಚ್ಚು, ಹೊಟ್ಟೆಯ ತೊಂದರೆಯೂ ಕಡಿಮೆ. ಹೀಗೆ ಬರೆದುಕೊಡುವ ವೈದ್ಯರು ಈಗ ಇದ್ದಾರೆ. ಗರ್ಭಿಣಿಯರು, ತೀವ್ರ ಕೊರತೆಯವರು ತಾವಾಗಿ ಕ್ರಮ ಬದಲಿಸಕೂಡದು. ಉಳಿದವರು ಮಾತ್ರೆ ಬಿಡುವ ಯೋಚನೆಗೆ ಬಂದಿದ್ದರೆ ಬಿಡುವ ಮೊದಲು ಇದನ್ನು ಕೇಳಿ ನೋಡಬಹುದು. ಮಾತ್ರೆ ಏನು ಮಾಡಿದರೂ ಒಗ್ಗದವರಿಗೆ, ಹೆರಿಗೆ ಹತ್ತಿರವಾಗಿ ಸಮಯವಿಲ್ಲದವರಿಗೆ ರಕ್ತನಾಳದ ಮೂಲಕ ಕಬ್ಬಿಣ ಕೊಡುವ ದಾರಿಯಿದೆ, ಅದು ಆಸ್ಪತ್ರೆಯಲ್ಲೇ ಆಗಬೇಕು. ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರ ತಪಾಸಣೆ ಉಚಿತವಾಗಿ ನಡೆಯುತ್ತದೆ, ಇದನ್ನೆಲ್ಲ ಕೇಳಲು ಅದು ಒಳ್ಳೆಯ ದಿನ.

ಮಕ್ಕಳ ಮಟ್ಟಿಗೆ ಎರಡು ಮಾತು. ಹೆರಿಗೆಯಾದ ಮೇಲೆ ಹೊಕ್ಕುಳಬಳ್ಳಿಯನ್ನು ಒಂದು ನಿಮಿಷವಾದರೂ ತಡೆದು ಕತ್ತರಿಸಿದರೆ ಮಗುವಿಗೆ ಮೊದಲ ಆರು ತಿಂಗಳ ಕಬ್ಬಿಣದ ದೊಡ್ಡ ಪಾಲು ಅಲ್ಲೇ ಸಿಗುತ್ತದೆ. ಆರು ತಿಂಗಳಾದ ಮೇಲೆ ತಾಯಿಯ ಹಾಲೊಂದೇ ಸಾಲದು. ವರ್ಷ ತುಂಬಿದ ಮೇಲೂ ಬಾಟಲಿಗಟ್ಟಲೆ ಹಸುವಿನ ಹಾಲು ಕುಡಿದು ಅನ್ನ ಮುಟ್ಟದ ಮಗು ದುಂಡಗೆ ಕಾಣಬಹುದು, ಆದರೂ ಬಿಳಿಚಿಕೊಂಡಿರುತ್ತದೆ. ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಅಂಗನವಾಡಿಯಲ್ಲಿ ಕೊಡುವ ಸಿರಪ್ ಹಲ್ಲನ್ನು ಕಪ್ಪು ಮಾಡುತ್ತದೆ ಎಂದು ಬಿಡುವ ಬದಲು ನಾಲಿಗೆಯ ಹಿಂಭಾಗಕ್ಕೆ ಬಿಟ್ಟರೆ ಆಯಿತು, ಕಲೆ ಉಜ್ಜಿದರೆ ಹೋಗುತ್ತದೆ. ಹೈಸ್ಕೂಲಿನಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ಮಗಳ ಬ್ಯಾಗಿನಲ್ಲಿ ಹಾಗೇ ಉಳಿದಿದೆಯೇ ಎಂದು ಒಮ್ಮೆ ನೋಡಿ. ಮನೆಯಲ್ಲಿರುವ ಕಬ್ಬಿಣದ ಮಾತ್ರೆಗಳನ್ನು ಪುಟ್ಟ ಮಕ್ಕಳ ಕೈಗೆ ಸಿಗದ ಎತ್ತರದಲ್ಲಿಡಿ. ಕೆಂಪಗೆ ಮಿಠಾಯಿಯ ಹಾಗೆ ಕಾಣುವ ಇವನ್ನು ಹಲವಾರು ನುಂಗಿದರೆ ಮಗುವಿನ ಜೀವಕ್ಕೇ ಅಪಾಯ. ನುಂಗಿದೆ ಎಂದು ಅನುಮಾನ ಬಂದರೂ ವಾಂತಿ ಮಾಡಿಸುತ್ತಾ ಕೂರದೆ ಆಸ್ಪತ್ರೆಗೆ ಒಯ್ಯಬೇಕು.

ಕಬ್ಬಿಣದ ತಪ್ಪಲ್ಲದಾಗ

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಅಲ್ಲಿನ ಬಟ್ಟೆ ಗಿರಣಿಗಳ ಗರ್ಭಿಣಿ ಕೆಲಸಗಾರ್ತಿಯರಲ್ಲಿ ಒಂದು ಬಗೆಯ ರಕ್ತಹೀನತೆ ಇತ್ತು, ರಕ್ತಕಣಗಳು ಕಬ್ಬಿಣದ ಕೊರತೆಯಲ್ಲಿ ಆಗುವಂತೆ ಸಣ್ಣದಾಗುವ ಬದಲು ದೊಡ್ಡದಾಗಿದ್ದವು. ವಿಲ್ಸ್ ಕೂನೂರಿನ ಪ್ರಯೋಗಾಲಯದಲ್ಲೂ ಕೆಲಸ ಮಾಡಿದರು. ಕೊನೆಗೆ ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರದಿಂದ ಆ ಹೆಂಗಸರು ಗುಣವಾಗುವುದನ್ನು ತೋರಿಸಿಕೊಟ್ಟರು. ಅದರೊಳಗಿದ್ದ ವಸ್ತುವಿಗೆ 1941ರಲ್ಲಿ ಫೋಲಿಕ್ ಆಮ್ಲ ಎಂದು ಹೆಸರಾಯಿತು. ಇಂದು ಆಶಾ ಕಾರ್ಯಕರ್ತೆ ಕೊಡುವ ಮಾತ್ರೆಯಲ್ಲಿ ಕಬ್ಬಿಣದ ಜೊತೆಗಿರುವುದು ಅದೇ.

ದೊಡ್ಡ ಕಣದ ರಕ್ತಹೀನತೆಗೆ ಇಂದು ನಮ್ಮಲ್ಲಿ ಹೆಚ್ಚಾಗಿ ಕಾರಣವಾಗುವುದು ಬಿ12 ಕೊರತೆ. ಹಾಲು, ಮೊಸರೂ ಅಷ್ಟಕ್ಕಷ್ಟೇ ಇರುವ ಸಸ್ಯಾಹಾರಿಗಳು, ಸಕ್ಕರೆ ಕಾಯಿಲೆಗೆ ವರ್ಷಗಳಿಂದ ಮೆಟ್‌ಫಾರ್ಮಿನ್ ನುಂಗುತ್ತಿರುವವರು, ವಯಸ್ಸಾದವರು ಇದರಲ್ಲಿ ಮುಂದಿರುತ್ತಾರೆ. ಪಾದ ಜೋಮು ಹಿಡಿಯುವುದು, ಉರಿ, ನಡೆಯುವಾಗ ತೂಗಾಟ, ಮರೆವು, ನಾಲಿಗೆ ನುಣುಪಾಗಿ ಕೆಂಪಾಗುವುದು, ಇವಿದ್ದರೆ ಬಿ12 ಪರೀಕ್ಷೆ ಆಗಲೇಬೇಕು. ಫೋಲಿಕ್ ಆಮ್ಲ ಮಾತ್ರ ತೆಗೆದುಕೊಂಡರೆ ಹಿಮೋಗ್ಲೋಬಿನ್ ಏರಿಬಿಡಬಹುದು, ನರಗಳ ಹಾನಿ ಮಾತ್ರ ಒಳಗೊಳಗೇ ಮುಂದುವರಿಯುತ್ತದೆ.

ಹುಟ್ಟಿನಿಂದಲೇ ಬರುವ ದೋಷಗಳದ್ದು ಬೇರೆ ಕತೆ. ತಲಸ್ಸೇಮಿಯಾದ ವಾಹಕರಲ್ಲಿ ಕಣ ಸಣ್ಣದಾಗಿರುತ್ತದೆ, ಕಬ್ಬಿಣ ಸಾಕಷ್ಟಿರುತ್ತದೆ. ಅವರಿಗೆ ವರ್ಷಗಟ್ಟಲೆ ಕಬ್ಬಿಣ ತಿನ್ನಿಸುವುದರಿಂದ ಒಳಿತಿಲ್ಲ. ಮದುವೆಯಾಗುವ ಇಬ್ಬರೂ ವಾಹಕರಾಗಿದ್ದಾರೆಯೇ ಎಂದು ತಿಳಿಯುವುದು ಅವರಿಗೆ ಹೆಚ್ಚು ಮುಖ್ಯ. ಚಾಮರಾಜನಗರ, ಮೈಸೂರು ಭಾಗದ ಕಾಡಂಚಿನ ಬುಡಕಟ್ಟು ಸಮುದಾಯಗಳಲ್ಲಿ ಕುಡುಗೋಲು ಕಣ ರೋಗ ಇದೆ. ಅದಕ್ಕೆಂದು 2023ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಅಭಿಯಾನದಲ್ಲಿ 40 ವರ್ಷದೊಳಗಿನವರಿಗೆ ತಪಾಸಣೆ ಮಾಡುತ್ತಾರೆ. ಹಾಡಿಗೆ ತಂಡ ಬಂದಾಗ ತಪ್ಪಿಸಿಕೊಳ್ಳಬಾರದು.

ಇವನ್ನೆಲ್ಲ ಬೇರ್ಪಡಿಸಲು ದುಬಾರಿ ಪರೀಕ್ಷೆಗಳೇನೂ ಮೊದಲಿಗೆ ಬೇಡ. ಸಿಬಿಸಿ ಎಂಬ ಸಾಮಾನ್ಯ ಪರೀಕ್ಷೆಯ ಚೀಟಿಯಲ್ಲಿ ಎಂಸಿವಿ ಎಂದೊಂದು ಸಾಲಿದೆ, ಕಣದ ಗಾತ್ರ ಅದು. 80ಕ್ಕಿಂತ ಕೆಳಗಿದ್ದರೆ ಕಣ ಸಣ್ಣದು, ಕಬ್ಬಿಣದ ಕಡೆ ನೋಡಬೇಕು. 100 ದಾಟಿದರೆ ದೊಡ್ಡದು, ಬಿ12, ಫೋಲಿಕ್ ಆಮ್ಲದ ಕಡೆ. ಎರಡೂ ಕೊರತೆ ಒಟ್ಟಿಗೇ ಇದ್ದರೆ ಸರಾಸರಿಯಾಗಿ ಸರಿಯಿದ್ದಂತೆ ಕಾಣುವ ಸಾಧ್ಯತೆಯೂ ಇದೆ. ಠೇವಣಿ ಎಷ್ಟಿದೆ ಎಂದು ಹೇಳುವುದು ಫೆರಿಟಿನ್ ಪರೀಕ್ಷೆ. ಜ್ವರ, ಸೋಂಕು ಇದ್ದಾಗ ಅದು ಸುಳ್ಳಾಗಿ ಮೇಲೇರುವುದರಿಂದ ಹುಷಾರಾದ ಮೇಲೆ ಮಾಡಿಸಿ. ಕೂತಲ್ಲೇ ಏದುಸಿರು, ಎದೆನೋವು, ತಲೆಸುತ್ತಿ ಬೀಳುವುದು, ಅಥವಾ ಹಿಮೋಗ್ಲೋಬಿನ್ 7ಕ್ಕಿಂತ ಕೆಳಗೆ ಹೋಗಿರುವುದು, ಇವುಗಳಲ್ಲಿ ಯಾವುದಿದ್ದರೂ ಮನೆಮದ್ದಿನ ಮಾತೇ ಬೇಡ, ಅಂದೇ ಆಸ್ಪತ್ರೆ ಸೇರಬೇಕು.

ಮಾತ್ರೆ ಸರಿಯಾಗಿ ನಡೆದರೆ ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ ಒಂದೆರಡು ಗ್ರಾಂ ಏರುತ್ತದೆ, ಸುಸ್ತು ಅದಕ್ಕೂ ಮೊದಲೇ ತಗ್ಗುತ್ತದೆ. ಬಹಳ ಮಂದಿ ನಿಲ್ಲಿಸುವುದು ಈ ಹಂತದಲ್ಲೇ. ಹನ್ನೆರಡು ಮುಟ್ಟಿದಾಗ ರಕ್ತ ತುಂಬಿರುತ್ತದೆ, ಠೇವಣಿ ಇನ್ನೂ ಖಾಲಿ ಇರುತ್ತದೆ. ಅಲ್ಲಿಂದ ಇನ್ನೂ ಮೂರು ತಿಂಗಳು ಮುಂದುವರಿಸಬೇಕು. ತಿಂಗಳಾದರೂ ಏರದಿದ್ದರೆ ಮಾತ್ರೆ ಹೊಟ್ಟೆಗೆ ಹೋಗುತ್ತಿದೆಯೇ, ಕಾಫಿಯ ಜೊತೆ ಹೋಗುತ್ತಿದೆಯೇ, ಸೋರಿಕೆ ನಡೆದೇ ಇದೆಯೇ, ಕಾರಣವೇ ಬೇರೆಯೇ ಎಂದು ವೈದ್ಯರ ಜೊತೆ ಕೂತು ನೋಡಬೇಕಾಗುತ್ತದೆ. ಎಲ್ಲ ಮುಗಿಸಿ ಮಾತ್ರೆ ನಿಲ್ಲಿಸಿದ ಮೂರು ತಿಂಗಳಿಗೆ ಮತ್ತೊಂದು ಪರೀಕ್ಷೆ ಮಾಡಿಸಿ. ಹಳೆಯ ಚೀಟಿಗಳನ್ನೂ, ನುಂಗುತ್ತಿರುವ ಎಲ್ಲ ಮಾತ್ರೆಗಳ ಹಾಳೆಗಳನ್ನೂ, ಹೆಂಗಸರಾದರೆ ಮುಟ್ಟಿನ ತಾರೀಖುಗಳನ್ನೂ ಜೊತೆಗೆ ಒಯ್ಯಿರಿ. ಅಂಕಿ ಮತ್ತೆ ಇಳಿದಿದ್ದರೆ ಇನ್ನೊಂದು ಬಾಟಲಿ ಟಾನಿಕ್ ಬರೆಸಿಕೊಂಡು ಬರಬೇಡಿ, ಸೋರಿಕೆ ಎಲ್ಲಿದೆ ಎಂದು ಹುಡುಕಿಸಿ.